11 ವರ್ಷದಿಂದ ಅತಿಥಿ ಉಪನ್ಯಾಸಕ. ಇರಲಾ, ಬಿಡಲಾ?

ಮೂರನೇ ಬೆಂಚು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಾನು ಹಾವೇರಿ ಕಡೆಯವನು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಹೇಳುತ್ತಾ 11 ವರ್ಷ ಆಯಿತು. ಮೂರು ಕಾಲೇಜು ನೋಡಿದೆ. ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಆಗಿದೆ. ಈಗಿರುವ ಕಾಲೇಜಿನಲ್ಲಿ ನನ್ನ ವಿಭಾಗಕ್ಕೆ ಖಾಯಂ ಒಬ್ಬರು ವರ್ಗಾವಣೆ ಮೇಲೆ ಬಂದರು. ಬುಧವಾರ ಎರಡನೇ ಪೀರಿಯಡ್ ಮುಗಿಸಿ ಬಂದು ಕೂತಾಗ ವಾಟ್ಸಾಪಿನಲ್ಲಿ ಮೆಸೇಜ್: 'ನಿಮ್ಮ ಕಾರ್ಯಭಾರ ಇಲ್ಲ. ನಾಳೆಯಿಂದ ಬಿಡುಗಡೆ.' ಅಂದರೆ ನನ್ನ ಪಾಲಿಗೆ ಪಾಠದ ಗಂಟೆ ಉಳಿದಿಲ್ಲ. ಅಷ್ಟೇ. ಅರ್ಧ ಮುಗಿದ ಪಾಠ, ತಿದ್ದಿಟ್ಟ ಇಂಟರ್ನಲ್ ಪೇಪರು, ಎಲ್ಲಾ ಹಾಗೇ ಮೇಜಿನ ಮೇಲೆ. ಬಂದವರದ್ದು ತಪ್ಪಿಲ್ಲ, ಒಳ್ಳೆಯ ಮನುಷ್ಯ. ಅವರೇ ಚಹಾ ಕುಡಿಸಿ ಕಳಿಸಿದರು.

ಬೇರೆ ಕಡೆ ಖಾಲಿ ಇದ್ದರೆ ಕೌನ್ಸೆಲಿಂಗ್‌ನಲ್ಲಿ (ಮೆರಿಟ್ ಪಟ್ಟಿ ಪ್ರಕಾರ ಕಾಲೇಜು ಹಂಚುವಾಗ) ಸಿಗಬಹುದು. ಎಲ್ಲಿ, ಯಾವಾಗ, ಗೊತ್ತಿಲ್ಲ. ಈ ನಡುವೆ ನಮ್ಮೂರ ಹತ್ತಿರ ಒಂದು ಖಾಸಗಿ ಪಿಯು ಕಾಲೇಜಿನವರು ಕರೆಯುತ್ತಿದ್ದಾರೆ. ತಿಂಗಳಿಗೆ 34 ಸಾವಿರ, ವರ್ಷದ 12 ತಿಂಗಳೂ, ಪಿಎಫ್ ಕೂಡ. ಆದರೆ ಭಾನುವಾರ ಕೋಚಿಂಗು, ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಅಡ್ಮಿಷನ್ ಹಿಡಿದು ತರಬೇಕು.

ಹೆಂಡತಿ ಹೋಗಿ ಅಂತಾಳೆ. ಅಪ್ಪ 'ಸರ್ಕಾರಿದು ಬಿಡಬೇಡ' ಅಂತಾರೆ. ನಾನು 2014ರಲ್ಲಿ ಸೇರಿದ ಮೊದಲ ಕಾಲೇಜಿನಲ್ಲಿ ಗೆಸ್ಟುಗಳಿಗೆ ಅಂತ ಒಂದೇ ಕುರ್ಚಿ ಇತ್ತು. ಕೈ ಮುರಿದಿತ್ತು, ನೀಲಿ ಪ್ಲಾಸ್ಟಿಕ್ ವೈರಿನಲ್ಲಿ ಕಟ್ಟಿದ್ದರು. ಮೊದಲು ಬಂದವರಿಗೆ ಕುರ್ಚಿ, ಉಳಿದವರು ಲೈಬ್ರರಿಗೆ. ಮೊನ್ನೆಯಿಂದ ಯಾಕೋ ಅದೇ ಕುರ್ಚಿ ನೆನಪಾಗುತ್ತಿದೆ.

ಅನುಭವ ಇದ್ದವರು ಹೇಳಿ. ಇರಲಾ, ಬಿಡಲಾ?

ಜೋಳದ ರೊಟ್ಟಿ:
ಬಿಡಿ ಸರ್. ನಾನು 7 ವರ್ಷಕ್ಕೆ ಬಿಟ್ಟೆ. ಈಗ ರಾತ್ರಿ ನಿದ್ದೆ ಬರುತ್ತೆ.

ಕಾಮರ್ಸ್ ಮೇಡಂ:
ಬಿಡಬೇಡಿ ಸರ್. ದುಡುಕಬೇಡಿ. 11 ವರ್ಷ ಅಂದರೆ ಹುಡುಗಾಟ ಅಲ್ಲ. 2022ಕ್ಕೆ ಮೊದಲು ನಮಗೆ ಎಷ್ಟಿತ್ತು ನೆನಪಿದೆಯಾ? ಯುಜಿಸಿ ಅರ್ಹತೆ (ನೆಟ್, ಸೆಟ್ ಅಥವಾ ಪಿಎಚ್‌ಡಿ) ಇದ್ದರೆ 13 ಸಾವಿರ, ಇಲ್ಲದಿದ್ದರೆ 11 ಸಾವಿರ. ಅದೂ ತಿಂಗಳು ತಿಂಗಳು ಅಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ಗಂಟಾಗಿ ಬರುತ್ತಿತ್ತು. ಆ ಬರಗಾಲ ದಾಟಿದ ಮೇಲೆ ಈಗ ಬಿಡುವುದಾ? 2022ರ ಜನವರಿಯಲ್ಲಿ ಅದನ್ನು ಏರಿಸಿ, ಅರ್ಹತೆ ಮತ್ತು ಸೇವೆ ನೋಡಿ 26 ಸಾವಿರದಿಂದ 32 ಸಾವಿರದವರೆಗೆ ಮಾಡಿದರು. 2024ರ ಜನವರಿಯಲ್ಲಿ ಸೇವೆ ನೋಡಿ 5ರಿಂದ 8 ಸಾವಿರ ಮತ್ತೆ ಸೇರಿಸಿದರು. ನಿಮಗೆ ಅರ್ಹತೆ ಇದೆ, 10 ವರ್ಷ ದಾಟಿದೆ. 39 ಸಾವಿರದ ಹತ್ತಿರ ಬರುತ್ತಿರಬೇಕು ಅಲ್ವಾ?

ಮೂರನೇ ಬೆಂಚು:
ಹೌದು ಮೇಡಂ, 39. ಬಂದ ತಿಂಗಳು.

ಲೆಕ್ಕದ ಮೇಷ್ಟ್ರು:
'ಬಂದ ತಿಂಗಳು' ಅನ್ನುವುದರಲ್ಲೇ ಇದೆ ವಿಷಯ. ವರ್ಷಕ್ಕೆ 10 ತಿಂಗಳು ಸಿಕ್ಕಿತು ಅಂತಿಟ್ಟುಕೊಳ್ಳಿ, 3 ಲಕ್ಷ 90 ಸಾವಿರ. ಖಾಸಗಿಯದ್ದು 34 ಸಾವಿರ × 12 = 4 ಲಕ್ಷ 8 ಸಾವಿರ, ಮೇಲೆ ಪಿಎಫ್. ತಿಂಗಳ ಲೆಕ್ಕದಲ್ಲಿ ಸರ್ಕಾರಿ ಜಾಸ್ತಿ, ವರ್ಷದ ಲೆಕ್ಕದಲ್ಲಿ ಖಾಸಗಿ ಜಾಸ್ತಿ.

ಇನ್ನೊಂದು ಲೆಕ್ಕ ನೋಡಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರ ಜನವರಿಯಲ್ಲೇ ಹೇಳಿದೆ: ಅತಿಥಿಗಳಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000. ನಾವು ವಾರಕ್ಕೆ 15 ಗಂಟೆ, ತಿಂಗಳಿಗೆ 60. ಆ ದರ ಹಾಕಿದರೆ 90 ಸಾವಿರ ಆಗುತ್ತೆ, ಮಿತಿ ಇರುವುದರಿಂದ 50 ಸಾವಿರ ಸಿಗಬೇಕು. ನಿಮ್ಮ 39 ಸಾವಿರವನ್ನು 60ರಿಂದ ಭಾಗಿಸಿ: ಗಂಟೆಗೆ 650. ನಮ್ಮ ಏರಿಯಾದಲ್ಲಿ ಎಸಿ ರಿಪೇರಿ ಹುಡುಗ ಬಂದು ಮುಚ್ಚಳ ತೆಗೆದು ನೋಡುವುದಕ್ಕೇ 500 ತಗೊಳ್ಳುತ್ತಾನೆ.

ನೇರ ಮಾತು:
ಎಸಿ ರಿಪೇರಿಯವನಿಗೆ ಕೆಲಸ ಬರುತ್ತೆ ಸಾರ್ 😄

ಬೈದರೂ ಪರವಾಗಿಲ್ಲ, ಒಂದು ಮಾತು. ಸೇರುವಾಗಲೇ ತಾತ್ಕಾಲಿಕ ಅಂತ ಗೊತ್ತಿತ್ತು. ಆದೇಶದಲ್ಲಿ ಬರೆದಿತ್ತು. ಮುಚ್ಚಳಿಕೆ ಬರೆದುಕೊಟ್ಟಿರಿ. ಈಗ ಸೇವಾ ಭದ್ರತೆ ಕೊಡಿ ಅಂದರೆ ಹೇಗೆ? 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ಮಾಡಿತು. ಬರೆದು ಪಾಸಾದವರು ಸೇರಿದರು. ಹಿಂಬಾಗಿಲಿನಿಂದ ಖಾಯಂ ಮಾಡಿದರೆ ಓದಿ ಕಾಯುತ್ತಿರುವ ಹುಡುಗರ ಗತಿ?

ಕಾಮರ್ಸ್ ಮೇಡಂ:
ಹಿಂಬಾಗಿಲು ಅಂತೆ! ಪ್ರತಿ ವರ್ಷ ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿ, ಕೌನ್ಸೆಲಿಂಗ್. ವರ್ಷ ವರ್ಷ ಮುಂಬಾಗಿಲಿನಲ್ಲಿ ಕ್ಯೂ ನಿಂತು ಬರುತ್ತೇವೆ ನಾವು. ನೀವು ಬಂದದ್ದು ಒಂದೇ ಸಲ.

ನೇರ ಮಾತು:
ಮೇಡಂ, ನಾನು ಲೆಕ್ಚರರ್ ಅಲ್ಲ. ಆ 1,242ಕ್ಕೆ ಬರೆದು ಸಿಗದವನು.

ಕಾಮರ್ಸ್ ಮೇಡಂ:
ಓ. ಕ್ಷಮಿಸಿ.

ಪರ್ಮನೆಂಟ್ ಪಾಪಿ:
ಖಾಯಂ ಕಡೆಯಿಂದ ನಾನು ಒಬ್ಬ ಮಾತಾಡಲಾ? ನಮ್ಮ ಕಾಲೇಜಿನಲ್ಲಿ ನಾವು 9 ಜನ ಖಾಯಂ, 21 ಜನ ಅತಿಥಿಗಳು. ಮನೆಯವರಿಗಿಂತ ನೆಂಟರೇ ಜಾಸ್ತಿ. ಅವರು ಒಂದು ವಾರ ಬರದಿದ್ದರೆ ಬೀಗ ಹಾಕಬೇಕು. 2023ರ ನವೆಂಬರ್‌ನಿಂದ ತರಗತಿ ಬಹಿಷ್ಕಾರ ಮಾಡಿದರಲ್ಲ, ಆಗ ಗೊತ್ತಾಯಿತು. ನಾನು ಇತಿಹಾಸದವನು, ಹೋಗಿ ಹುಡುಗರಿಗೆ ಜಿಎಸ್‌ಟಿ ಹೇಳಿದೆ. ದೇವರು ಕ್ಷಮಿಸಲಿ.

ಆದರೆ ಇದನ್ನೂ ಕೇಳಿ. ನ್ಯಾಕ್ (ಕಾಲೇಜಿಗೆ ದರ್ಜೆ ಕೊಡುವ ಸಂಸ್ಥೆ) ಫೈಲು, ಸ್ಕಾಲರ್‌ಶಿಪ್, ಪರೀಕ್ಷೆ ಸ್ಕ್ವಾಡ್, ಚುನಾವಣೆ ಡ್ಯೂಟಿ, ಎಲ್ಲ ಆ 9 ಜನರ ತಲೆ ಮೇಲೆ. ಅತಿಥಿಗಳಿಗೆ ಹೇಳಿದರೆ 'ನಮಗೆ 15 ಗಂಟೆ ಪಾಠ ಅಷ್ಟೇ ಸರ್' ಅಂತಾರೆ. ಅವರದ್ದೂ ಸರಿ. ನಮ್ಮದೂ ತಪ್ಪಲ್ಲ.

ಮಲೆನಾಡ ಮಳೆ:
ನಿಮ್ಮ ಅತಿಥಿಗಳು ಪುಣ್ಯವಂತರು ಸರ್. ನಮ್ಮಲ್ಲಿ ನ್ಯಾಕ್ ತಂಡ ಬಂದಾಗ ಎರಡು ತಿಂಗಳು ರಾತ್ರಿ 8ರ ತನಕ ಕೂತು ಫೈಲು ಕಟ್ಟಿದ್ದು ನಾವೇ. ತಂಡ ಬಂದ ದಿನ ಪರಿಚಯದ ಸಭೆಯಲ್ಲಿ ನಮ್ಮನ್ನು ಹಿಂದಿನ ಸಾಲಿಗೆ ಕಳಿಸಿದರು. ಟೈಮ್‌ಟೇಬಲ್‌ನಲ್ಲಿ ಖಾಯಂನವರಿಗೆ ಇನಿಷಿಯಲ್ ಸಮೇತ ಹೆಸರು. ನನಗೆ 'ಅ.ಉ.-3', ಅಂದರೆ ಅತಿಥಿ ಉಪನ್ಯಾಸಕರು ನಂಬರ್ 3. ಐದು ವರ್ಷದಿಂದ ನಾನು ಅ.ಉ.-3. ಹೋದ ವರ್ಷ ಅ.ಉ.-2 ಬಿಟ್ಟು ಹೋದರು, ನನಗೆ ಬಡ್ತಿ ಸಿಗುತ್ತೆ ಅಂದುಕೊಂಡೆ. ಸಿಗಲಿಲ್ಲ.

ಜೋಳದ ರೊಟ್ಟಿ:
ಅ.ಉ.-3 😂😂 ಅಳಬೇಕೋ ನಗಬೇಕೋ

ಹಳಗನ್ನಡ ಹುಚ್ಚ:
ಅತಿಥಿ ಅಂದರೆ ಬರುವ ತಿಥಿ ಗೊತ್ತಿಲ್ಲದವನು. ನಮ್ಮದು ಉಲ್ಟಾ. ಹೋಗುವ ತಿಥಿ ಗೊತ್ತಿಲ್ಲದವರು.

ಗೆಸ್ಟಿನ ಹೆಂಡತಿ:
ನಾನು ಲೆಕ್ಚರರ್ ಅಲ್ಲ, ಲೆಕ್ಚರರ್ ಮನೆಯವಳು. ನಮ್ಮ ಮದುವೆ ಮಾತುಕತೆಯಲ್ಲಿ ಇವರ ಮನೆಯವರು 'ಹುಡುಗ ಗೌರ್ಮೆಂಟ್ ಕಾಲೇಜಿನಲ್ಲಿ ಲೆಕ್ಚರರ್' ಅಂದರು. ಸುಳ್ಳೇನಲ್ಲ. 'ಅತಿಥಿ' ಅನ್ನುವ ಪದ ನಾನು ಮೊದಲು ಕೇಳಿದ್ದು ಮದುವೆಯಾದ ಮೊದಲ ಏಪ್ರಿಲ್‌ನಲ್ಲಿ, ಸಂಬಳ ನಿಂತಾಗ. 😀 ಬ್ಯಾಂಕಿನವರು ಇನ್ನೂ ಹುಷಾರು. ಗೃಹಸಾಲಕ್ಕೆ ಹೋದರೆ 'ಸಂಬಳ ಸ್ಲಿಪ್ ತನ್ನಿ' ಅಂದರು. ಇವರಿಗೆ ಬರುವುದು ಗೌರವಧನ, ಸ್ಲಿಪ್ ಇಲ್ಲ. ಗೌರವ ಇದೆ, ಧನ ಇದೆ, ಸಾಲ ಇಲ್ಲ.

ಮೂರನೇ ಬೆಂಚು ಅಣ್ಣ, ನಿಮ್ಮ ಮನೆಯವರ ಮಾತು ಕೇಳಿ. ರೇಷನ್ ತರೋರಿಗೆ ಗೊತ್ತಿರುತ್ತೆ.

ಜೋಳದ ರೊಟ್ಟಿ:
ಅಕ್ಕ, ನನಗೆ ಎರಡು ಸಂಬಂಧ ತಪ್ಪಿದ್ದು ಇದೇ ಕಾರಣಕ್ಕೆ. ಎರಡನೆಯವರು 'ಪರ್ಮನೆಂಟ್ ಆದ ಮೇಲೆ ನೋಡೋಣ' ಅಂದರು. ಆ ಹುಡುಗಿಗೆ ಈಗ ಎರಡು ಮಕ್ಕಳು.

ಲೆಕ್ಕದ ಮೇಷ್ಟ್ರು:
ವಿಷಯಕ್ಕೆ ಬನ್ನಿ ಮಾರಾಯರೇ.

ಕಪ್ಪು ಕೋಟು:
ವಕೀಲಿಕೆ ಮಾಡುತ್ತೇನೆ, ಇಂಥ ಕೇಸು ನೋಡಿದ್ದೇನೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಖಾಯಮಾತಿ ಒಂದು, ಸಮಾನ ವೇತನ ಇನ್ನೊಂದು.

ಖಾಯಮಾತಿಗೆ ಅಡ್ಡ ನಿಂತಿರುವುದು ನಮ್ಮದೇ ರಾಜ್ಯದ ಕೇಸು. ಕರ್ನಾಟಕ ಸರ್ಕಾರ ವಿರುದ್ಧ ಉಮಾದೇವಿ, 2006ರ ಏಪ್ರಿಲ್ 10, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ. ನಿಯಮದ ಪ್ರಕಾರ ಆಯ್ಕೆ ಆಗದವರು ಎಷ್ಟು ವರ್ಷ ದುಡಿದರೂ ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಅಂತ ಸಾರಾಂಶ. ಮಂಜೂರಾದ ಹುದ್ದೆಯಲ್ಲಿ 10 ವರ್ಷ ದಾಟಿದವರಿಗೆ ಒಂದೇ ಒಂದು ಸಲ ಅವಕಾಶ ಕೊಡಿ ಅಂತಲೂ ಅದರಲ್ಲೇ ಇದೆ. ಸರ್ಕಾರದ ವಕೀಲರು ಮೊದಲಿನ ಅರ್ಧ ಮಾತ್ರ ಓದುತ್ತಾರೆ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಂಡು ವರ್ಷಾನುಗಟ್ಟಲೆ ದುಡಿದವರನ್ನು ಹೊರಹಾಕಬೇಡಿ ಅಂತ.

ಸಂಬಳದ ಬಗ್ಗೆ ದಾರಿ ಸ್ವಲ್ಪ ಸಲೀಸು. 2016ರ ಜಗಜಿತ್ ಸಿಂಗ್ ತೀರ್ಪು ತಾತ್ಕಾಲಿಕದವರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಅಂದಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಕೇಸು ಬಂತು. ತಿಂಗಳಿಗೆ 30 ಸಾವಿರಕ್ಕೆ ದುಡಿಯುತ್ತಿದ್ದರು. ಕನಿಷ್ಠ ವೇತನ ಶ್ರೇಣಿ ಕೊಡಿ ಅಂತ ಆದೇಶವಾಯಿತು. ಸಭೆಗಳಲ್ಲಿ ಗುರುಬ್ರಹ್ಮ ಗುರುವಿಷ್ಣು ಅಂತ ಶ್ಲೋಕ ಹೇಳಿದರೆ ಸಾಲದು ಅಂತಲೂ ಕೋರ್ಟು ಚುಚ್ಚಿತು.

ನೇರ ಮಾತು:
ಅದು ಗುತ್ತಿಗೆ. ನಮ್ಮಲ್ಲಿ ಅತಿಥಿ. ಒಂದೇ ಅಲ್ಲ.

ಕಪ್ಪು ಕೋಟು:
ಸರಿಯಾಗಿ ಹಿಡಿದಿರಿ. ಅದಕ್ಕೇ 'ಅತಿಥಿ' ಅಂತ ಹೆಸರಿಟ್ಟಿರುವುದು. ಹುದ್ದೆಗೆ ನೇಮಕ ಅಲ್ಲ, ಕಾರ್ಯಭಾರಕ್ಕೆ ನೇಮಕ ಅಂತ ವಾದ ಮಾಡುತ್ತಾರೆ. ಹುದ್ದೆಯೇ ಇಲ್ಲ ಅಂದಮೇಲೆ ಖಾಯಂ ಎಲ್ಲಿಂದ ಅಂತ. ಗುಜರಾತ್ ತೀರ್ಪು ನೇರವಾಗಿ ಅನ್ವಯ ಆಗುತ್ತೆ ಅಂತ ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ವಾದಕ್ಕೆ ಬಲ ಬರುತ್ತೆ, ಅಷ್ಟೇ.

ನಿವೃತ್ತ ಪ್ರಾಂಶುಪಾಲ:
ಬಿಡುಗಡೆ ಆದೇಶಕ್ಕೆ ಸಹಿ ಹಾಕಿದ ಕೈ ಇದು. ಹಾಗಾಗಿ ಹೇಳುತ್ತೇನೆ.

ಕಾಲೇಜಿನ ಮಟ್ಟದಲ್ಲಿ ಪ್ರಾಂಶುಪಾಲರ ಕೈಯಲ್ಲಿ ಏನೂ ಇರುವುದಿಲ್ಲ. ಖಾಯಂನವರು ಬಂದರೆ ಅವರಿಗೆ ಮೊದಲು ಕಾರ್ಯಭಾರ ತುಂಬಬೇಕು, ಉಳಿದದ್ದು ಅತಿಥಿಗಳಿಗೆ. ಉಳಿಯದಿದ್ದರೆ ಇಲ್ಲ. 2022ರಲ್ಲಿ ಗೌರವಧನ ಏರಿದಾಗ ಎಲ್ಲರೂ ಪಟಾಕಿ ಹೊಡೆದರು. ಜೊತೆಗೇ ವಾರಕ್ಕೆ 8-10 ಗಂಟೆ ಇದ್ದದ್ದು 15 ಆಯಿತು. ಮೂವರು ಹಂಚಿಕೊಳ್ಳುತ್ತಿದ್ದ ಪಾಠ ಇಬ್ಬರಿಗೆ ಬಂತು. ಮೂರನೆಯವರು ಮನೆಗೆ. ನಮ್ಮಲ್ಲಿ ಹಾಗೆ ಹೋದವರಲ್ಲಿ ಒಬ್ಬರು ಈಗ ನಮ್ಮ ಬಡಾವಣೆಯಲ್ಲೇ ಹಾಲಿನ ಬೂತ್ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ 'ಸರ್' ಅಂತ ಎದ್ದು ನಿಲ್ಲುತ್ತಾರೆ. ನನಗೆ ಬೇರೆ ಬೂತಿಗೆ ಹೋಗೋಣ ಅನಿಸುತ್ತೆ. ಹೋಗಿಲ್ಲ.

ಅದೇ ಹೊತ್ತಿಗೆ, 2021-22ರಲ್ಲಿ ಎನ್ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ಓಪನ್ ಎಲೆಕ್ಟಿವ್ ಅಂತ ಪಾಠ ಹೆಚ್ಚಾಯಿತು. 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿ, ಸಿಲಬಸ್ ಬದಲು. ಪಠ್ಯಕ್ರಮ ಒಂದೊಂದು ಸಲ ಹೊರಳಿದಾಗಲೂ ಮೊದಲು ನುಜ್ಜಾಗುವುದು ಅತಿಥಿಗಳು.

ಆದರೂ ವಾಟ್ಸಾಪಿನಲ್ಲಿ ಬಿಡುಗಡೆ ಹೇಳಿದ್ದು ತಪ್ಪು. ಕರೆದು ಕೂರಿಸಿ ಹೇಳಬೇಕಿತ್ತು. ಲಿಖಿತ ಆದೇಶ ಕೇಳಿ ಪಡೆಯಿರಿ.

ಡೇವಿಸ್ ಕನ್ನಡಿಗ:
ಅಮೆರಿಕದಿಂದ ಒಂದು ಮಾತು. ಇಲ್ಲೂ ಇದೇ ಕಥೆ, ವೇಷ ಬೇರೆ. ನನ್ನ ಹೆಂಡತಿ ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಅಡ್ಜಂಕ್ಟ್, ಅಂದರೆ ಅರೆಕಾಲಿಕ ಉಪನ್ಯಾಸಕಿ. ಒಂದು ಕೋರ್ಸಿಗೆ ಇಷ್ಟು ಅಂತ ದುಡ್ಡು. ಎರಡು ಊರಿನ ಎರಡು ಕಾಲೇಜಿಗೆ ಕಾರಿನಲ್ಲಿ ಓಡಾಟ. ಇಂಥವರಿಗೆ ಇಲ್ಲಿ 'ಫ್ರೀವೇ ಫ್ಲೈಯರ್' ಅಂತ ಅಡ್ಡಹೆಸರು. ಕ್ಲಾಸಿಗೆ ಹುಡುಗರು ಸೇರದಿದ್ದರೆ ಸೆಮಿಸ್ಟರ್ ಶುರುವಾಗುವ ವಾರ ಕೋರ್ಸೇ ರದ್ದು.

ಆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಚರರ್‌ಗಳಿಗೆ ಬಲವಾದ ಯೂನಿಯನ್ ಇದೆ. ಟೆನ್ಯೂರ್ (ಖಾಯಂ ಹುದ್ದೆ) ಇಲ್ಲ, ನಿಜ. ಆದರೆ ಆರು ವರ್ಷ ಪಾಠ ಮಾಡಿ, ಪರಿಶೀಲನೆಯಲ್ಲಿ ಪಾಸಾದರೆ 'ಮುಂದುವರಿಯುವ ನೇಮಕ' ಸಿಗುತ್ತೆ. ಅಂದರೆ ವರ್ಷ ವರ್ಷ ಹೊಸದಾಗಿ ಅರ್ಜಿ ಇಲ್ಲ. 2021ರ ನವೆಂಬರ್‌ನಲ್ಲಿ ಮುಷ್ಕರದ ಬಾಗಿಲಿಗೆ ಹೋಗಿ ಹೊಸ ಒಪ್ಪಂದ ಮಾಡಿಕೊಂಡರು. ಖಾಯಂ ಮಾಡಿ ಅನ್ನುವುದಕ್ಕಿಂತ ಈ ನಡುದಾರಿ ಯಾಕೆ ಕೇಳಬಾರದು?

ಮಲೆನಾಡ ಮಳೆ:
ಕಾರಿನಲ್ಲಿ ಓಡಾಟ! ನಾನು ಬೆಳಿಗ್ಗೆ 6.20ರ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ನನಗೆ ತಿಂಗಳಿಗೆ ಎರಡು ಸಾವಿರ ಉಳಿಯುತ್ತಿದೆ. ಇಲಾಖೆ ಕೊಡದ ಟಿಎಯನ್ನು ಕೆಎಸ್ಆರ್‌ಟಿಸಿ ಕೊಟ್ಟಿತು.

ನೇರ ಮಾತು:
ನಮಗೆ ಗಂಡಸರಿಗೆ ಅದೂ ಇಲ್ಲ, ನಿಂತುಕೊಂಡು ಹೋಗುತ್ತೇವೆ.

ಕಾಮರ್ಸ್ ಮೇಡಂ:
ಶುರುವಾಯಿತು ನೋಡಿ ಬಸ್ಸಿನ ಜಗಳ 🙏

ಡೇವಿಸ್ ಸರ್ ಹೇಳಿದ ನಡುದಾರಿ ನನಗೂ ಸರಿ ಅನಿಸುತ್ತೆ. ಖಾಯಂ ಖಾಯಂ ಅಂತ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೋದವರಲ್ಲಿ ನಾನೂ ಒಬ್ಬಳು. ಕಾಲಲ್ಲಿ ಬೊಬ್ಬೆ ಬಂದಿತ್ತು. ಬಂದದ್ದು ಏನು? ಗೌರವಧನ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ತುಂಬಿದಾಗ 5 ಲಕ್ಷ ಇಡಿಗಂಟು, ತಿಂಗಳಿಗೆ ಒಂದು ರಜೆ, ಮೂರು ತಿಂಗಳು ಹೆರಿಗೆ ರಜೆ. ಇಲ್ಲ ಅನ್ನುವುದಿಲ್ಲ. ವಿಮೆ ಬೇಕೇ ಬೇಕಿತ್ತು, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಸೇರಲು ಸಂಬಳದ ಮಿತಿ 21 ಸಾವಿರ, ನಾವು ಅದನ್ನು ದಾಟಿಬಿಟ್ಟಿದ್ದೆವು. ಆದರೆ ಹೆರಿಗೆ ರಜೆ ಕಾನೂನಿನಲ್ಲಿ 26 ವಾರ ಅಂತಿದೆ, ನಮಗೆ ಮೂರು ತಿಂಗಳು. ಅತಿಥಿಯ ಮಗು ಬೇಗ ಬೆಳೆಯುತ್ತೆ ಅಂತ ಕಾಣುತ್ತೆ.

ಪರ್ಮನೆಂಟ್ ಪಾಪಿ:
ನನಗೆ ಗೊತ್ತಿರಲಿಲ್ಲ. ನಮ್ಮ ಕಾಲೇಜಿನ ಒಬ್ಬ ಮೇಡಂ ಮೂರು ತಿಂಗಳಿಗೇ ವಾಪಸ್ ಬಂದಾಗ 'ಪಾಪ, ಕೆಲಸದ ಮೇಲೆ ಎಷ್ಟು ಪ್ರೀತಿ' ಅಂದುಕೊಂಡಿದ್ದೆ.

ಹಳೇ ಸ್ಟೂಡೆಂಟ್:
ಡಿಗ್ರಿಯಲ್ಲಿ ನಮಗೆ ಪಾಠ ಮಾಡಿದ ಆರು ಜನರಲ್ಲಿ ಐದು ಜನ ಅತಿಥಿಗಳಂತೆ. ನಮಗೆ ಗೊತ್ತೇ ಇರಲಿಲ್ಲ. ಸರ್ ಅಂದರೆ ಸರ್. ಕೊನೆ ಸೆಮಿಸ್ಟರಿನಲ್ಲಿ ಅಂಕಿಅಂಶ ಶಾಸ್ತ್ರದ ಸರ್ ನಡುವಲ್ಲೇ ಬರುವುದು ನಿಲ್ಲಿಸಿದರು. ಎರಡು ಯೂನಿಟ್ ಬಾಕಿ. ಆದರೂ ಒಂದು ಭಾನುವಾರ ನಮ್ಮನ್ನೆಲ್ಲ ದೇವಸ್ಥಾನದ ಕಟ್ಟೆಗೆ ಕರೆದು ಮುಗಿಸಿಕೊಟ್ಟರು. ಆಗ ನಾವು ಒಂದು ಟೀ ಕೂಡ ಕೊಡಿಸಲಿಲ್ಲ.

ಜೋಳದ ರೊಟ್ಟಿ:
ಈಗ ಕೊಡಿಸಿ ಬನ್ನಿ. ಫೋನ್ ನಂಬರ್ ಇರುತ್ತೆ ಅಲ್ವಾ.

ಅರ್ಹತೆ ಇಲ್ಲದವಳು:
ನೀವೆಲ್ಲ ಇರಲಾ ಬಿಡಲಾ ಅಂತ ಮಾತಾಡುತ್ತಿದ್ದೀರಿ. ನಮಗೆ ಆ ಪ್ರಶ್ನೆಯೇ ಇಲ್ಲ. ಎಂ.ಎ. ಮಾಡಿ 14 ವರ್ಷ ಪಾಠ ಮಾಡಿದೆ. ನೆಟ್, ಸೆಟ್, ಪಿಎಚ್‌ಡಿ ಯಾವುದೂ ಇಲ್ಲ. ಯುಜಿಸಿಯ 2018ರ ನಿಯಮ ತೋರಿಸಿ ನಮ್ಮನ್ನು ಪಟ್ಟಿಯಿಂದಲೇ ಕೈಬಿಟ್ಟರು. ಹೊಸಬರಿಗೆ ನಿಯಮ ಹಾಕಲಿ. 14 ವರ್ಷ ಇದೇ ಅರ್ಹತೆಯಲ್ಲಿ ಪಾಠ ಮಾಡಿಸಿಕೊಂಡದ್ದು ಯಾರು? 46ನೇ ವಯಸ್ಸಿಗೆ ಮಗಳ ಜೊತೆ ಕೂತು ಕೆ-ಸೆಟ್‌ಗೆ ಓದುತ್ತಿದ್ದೇನೆ. ಅವಳು ನನಗೆ ರೀಸನಿಂಗ್ ಹೇಳಿಕೊಡುತ್ತಾಳೆ.

ನೇರ ಮಾತು:
ಮೇಡಂ, ಪೇಪರ್ ಒಂದಕ್ಕೆ ನನ್ನ ನೋಟ್ಸ್ ಇದೆ. ಡೇಟಾ ಇಂಟರ್‌ಪ್ರಿಟೇಷನ್, ರೀಸನಿಂಗ್ ಎರಡೂ. ಕನ್ನಡದಲ್ಲೇ ಮಾಡಿಕೊಂಡದ್ದು. ಕಳಿಸುತ್ತೇನೆ.

ಅರ್ಹತೆ ಇಲ್ಲದವಳು:
ಕಳಿಸಿ ತಮ್ಮಾ. ಪುಣ್ಯ ಬರಲಿ.

ಕಪ್ಪು ಕೋಟು:
ಮೂರನೇ ಬೆಂಚು ಸರ್, ನೀವು ಇರಿ, ಬಿಡಿ, ಯಾವುದಾದರೂ ಸರಿ. ಮೊದಲು 11 ವರ್ಷದ ಕಾಗದ ಕೂಡಿಸಿ. ಪ್ರತಿ ವರ್ಷದ ನೇಮಕ ಆದೇಶ, ಹಾಜರಾದ ವರದಿ, ಬಿಡುಗಡೆ ಪತ್ರ, ಗೌರವಧನ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್. ಸೇವಾ ಪ್ರಮಾಣಪತ್ರದಲ್ಲಿ 'ಇಂಥ ದಿನದಿಂದ ಇಂಥ ದಿನದವರೆಗೆ' ಅಂತ ತಾರೀಖು ಇರಲಿ, ಸುಮ್ನೆ 'ತೃಪ್ತಿಕರ ಸೇವೆ' ಅಂತ ಬರೆಸಿಕೊಂಡು ಬರಬೇಡಿ. ಮೆರಿಟ್ ಪಟ್ಟಿಯ ಅಂಕಕ್ಕೂ ಅದೇ, ನಾಳೆ ಇಡಿಗಂಟಿಗೂ ಅದೇ, ಕೋರ್ಟಿಗೂ ಅದೇ. ಎಷ್ಟೋ ಜನ ನನ್ನ ಹತ್ತಿರ ಬರುವಾಗ ಒಂದು ಸೆಲ್ಫಿ ಮತ್ತು ಬೀಳ್ಕೊಡುಗೆಯ ಶಾಲು ತರುತ್ತಾರೆ.

ನಿವೃತ್ತ ಪ್ರಾಂಶುಪಾಲ:
ಇದು ನೂರಕ್ಕೆ ನೂರು ಸರಿ. ಕಾಲೇಜಿನಲ್ಲಿ ಹಳೇ ಫೈಲು ಇರುತ್ತೆ ಅಂತ ನಂಬಬೇಡಿ. ಗುಮಾಸ್ತರು ಬದಲಾಗುತ್ತಾರೆ, ಕಟ್ಟಡ ಬದಲಾಗುತ್ತೆ, ಗೆದ್ದಲು ಮಾತ್ರ ಖಾಯಂ.

ಮೂರನೇ ಬೆಂಚು:
ಎಲ್ಲರ ಉತ್ತರ ಓದಿದೆ. ಇವತ್ತು ರಜೆ ಅಂತ ಟ್ರಂಕು ಇಳಿಸಿ ಹುಡುಕಿದೆ. ಒಂಬತ್ತು ವರ್ಷದ್ದು ಸಿಕ್ಕಿತು. ಹೋದ ಸಾಲಿನದ್ದು ಮೊನ್ನೆ ಬಿಡುಗಡೆ ಮಾಡಿದ ಕಾಲೇಜಿನಲ್ಲಿ ಕೊಡುತ್ತಾರೆ. ಸಿಗದಿರುವುದು 2014-15ರದ್ದು, ಮೊಟ್ಟಮೊದಲನೆಯದು. ಆ ಕಾಲೇಜಿಗೆ ಫೋನ್ ಮಾಡಿದೆ. 'ಹಳೇ ಕಟ್ಟಡ ಖಾಲಿ ಮಾಡಿದಾಗ ಏನೇನೋ ಹೋಯಿತು ಸರ್' ಅಂದರು. ಆಗ ಗೌರವಧನ ಚೆಕ್ಕಿನಲ್ಲಿ ಬರುತ್ತಿತ್ತು. ಆ ಬ್ಯಾಂಕ್ ಖಾತೆಯನ್ನೂ ಮುಚ್ಚಿದ್ದೇನೆ.

ಖಾಸಗಿಯವರಿಗೆ ಸೋಮವಾರದ ತನಕ ಟೈಮ್ ಕೇಳಿದ್ದೇನೆ.

ಲೆಕ್ಕದ ಮೇಷ್ಟ್ರು:
ಮುಚ್ಚಿದ ಖಾತೆಯದ್ದೂ ಸ್ಟೇಟ್‌ಮೆಂಟ್ ಕೇಳಬಹುದು. ತುಂಬಾ ಹಳೆಯದು, ಇದ್ದರೆ ಅದೃಷ್ಟ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಗೆಸ್ಟಿನ ಹೆಂಡತಿ:
ಸೋಮವಾರಕ್ಕೆ ಹೋಗ್ತೀರಾ ಇಲ್ವಾ ಅಣ್ಣ?

ಮೂರನೇ ಬೆಂಚು:
ಇನ್ನೂ ಗೊತ್ತಿಲ್ಲ ತಂಗಿ. ಕೌನ್ಸೆಲಿಂಗ್ ಪಟ್ಟಿಯನ್ನೂ ದಿನಾ ನೋಡುತ್ತಿದ್ದೇನೆ.

ಪೇರಲ ಮರ:
ಸರ್, ನಾನು ಇಲ್ಲಿ ಸುಮ್ನೆ ಓದುವವನು, ಬರೆಯುವವನಲ್ಲ. ನೀಲಿ ವೈರು ಕಟ್ಟಿದ ಕುರ್ಚಿ ಅಂದಾಗಲೇ ಅನುಮಾನ ಬಂತು, 2014-15 ಅಂದ ಮೇಲೆ ಗ್ಯಾರಂಟಿ ಆಯಿತು. ಆ ವೈರು ಕಟ್ಟಿದ್ದು ನಾನೇ. ಆಗ ಅಲ್ಲಿ ರಾಜ್ಯಶಾಸ್ತ್ರಕ್ಕೆ ಇದ್ದೆ. ಆ ವರ್ಷ ನಮ್ಮೆಲ್ಲರಿಗೂ ಒಂದೇ ಆದೇಶ ಆಗಿತ್ತು, ಏಳು ಹೆಸರು, ನಿಮ್ಮದು ಐದನೆಯದು. ನನ್ನ ಹತ್ತಿರ ಜೆರಾಕ್ಸ್ ಇದೆ, ಮೊಹರು ಕಾಣುತ್ತೆ. ಇನ್‌ಬಾಕ್ಸ್ ನೋಡಿ.